ಉಚ್ಚಂಗೆಪ್ಪ ಒಳಗೆ ಕೂತು ಉಂಡದ್ದು

ನಮ್ಮ ಐದು ತಾಲ್ಲೂಕುಗಳಲ್ಲಿ ಯಾವ ಊರಿನ ಖಾನಾವಳಿಯಲ್ಲಿ ರೊಟ್ಟಿ ತೆಳ್ಳಗಿರುತ್ತದೆ, ಯಾವನು ಚಟ್ನಿಗೆ ಶೇಂಗಾ ಕಡಿಮೆ ಮಾಡಿ ಪುಟಾಣಿ ಬೆರೆಸುತ್ತಾನೆ, ಯಾವ ಹಳ್ಳದ ಈಚಲ ಸೇಂದಿ ಮಧ್ಯಾಹ್ನದ ಹೊತ್ತಿಗೇ ಹುಳಿಯಾಗುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲ ಮನುಷ್ಯ ಒಬ್ಬನೇ ಇದ್ದ. ಅವನು ಗೌಡನಲ್ಲ, ಸಾಹುಕಾರನಲ್ಲ, ಕಂಟ್ರಾಕ್ಟರನೂ ಅಲ್ಲ. ಮಲೇರಿಯಾ ಇಲಾಖೆಯಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಉಚ್ಚಂಗೆಪ್ಪ, ಕೂಡ್ಲಿಗಿಯ ಹರಿಜನ ಕೇರಿಯವನು. ರುಚಿ ಬಲ್ಲವರಲ್ಲಿ ಅವನಂಥವನನ್ನು ನಾನು ಕಂಡಿಲ್ಲ, ಹಟಮಾರಿಗಳಲ್ಲೂ ಕಂಡಿಲ್ಲ. ಅವನ ಕಥೆ ಹೇಳಹೊರಟರೆ ನನ್ನ ಸೋದರಮಾವನ ಮರ್ಯಾದೆ ಸ್ವಲ್ಪ ಹೋಗುತ್ತದೆ, ನನ್ನದೂ ಸ್ವಲ್ಪ ಹೋಗುತ್ತದೆ. ಹೋಗಲಿ ಬಿಡಿ, ಇಟ್ಟುಕೊಂಡು ಮಾಡುವುದೇನಿದೆ.

ಎಪ್ಪತ್ತೈದರ ಸುಮಾರಿಗೆ ನಾವಿಬ್ಬರೂ ಆ ಕೆಲಸಕ್ಕೆ ಸೇರಿದೆವು. ಮನೆಮನೆಗೆ ಹೋಗಿ ಜ್ವರ ಬಂದವರ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಗೆ ಹಚ್ಚಿಕೊಳ್ಳುವುದು, ಮಾತ್ರೆ ಕೊಡುವುದು, ಬಾಗಿಲ ಪಕ್ಕದ ಗೋಡೆಯ ಮೇಲೆ ಬಂದುಹೋದ ತಾರೀಖು ಬರೆದು ಸಹಿ ಹಾಕುವುದು. ಜ್ವರ ಜೋರಾದ ಕಡೆಗೆಲ್ಲ ನಮ್ಮನ್ನು ಅಟ್ಟುತ್ತಿದ್ದರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲ ಕಡೆಗೂ ಬಸ್ಸಿನ ಮೇಲೆ ಸೈಕಲ್ ಹಾಕಿಕೊಂಡು ಹೋಗುತ್ತಿದ್ದೆವು. ತಿಂಗಳಲ್ಲಿ ಇಪ್ಪತ್ತು ದಿನ ಹೊರಗಿನ ಊಟವೇ. ನನಗೆ ಅದೊಂದು ಕಷ್ಟ, ಅವನಿಗೆ ಅದೇ ಸಂಬಳ.

ಅಪ್ಪ ಗಾಳೆಪ್ಪ ಅವನು ಚಿಕ್ಕವನಿದ್ದಾಗಲೇ ತೀರಿಹೋಗಿದ್ದ. ತಾಯಿ ಮಾರೆಮ್ಮ ಕುಳ್ಳು ತಟ್ಟಿ, ಕಟ್ಟಿಗೆ ಹೊತ್ತು ಮಗನನ್ನು ಹತ್ತನೇ ಇಯತ್ತೆ ಮುಟ್ಟಿಸಿದ್ದಳು. ಆ ಕುಳ್ಳು, ಕಟ್ಟಿಗೆ ಹೋಗುತ್ತಿದ್ದದ್ದು ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ಎದುರಿನ ಗುರುಸಂಗಪ್ಪನ ಖಾನಾವಳಿಗೆ. ಗುರುಸಂಗಪ್ಪ ಎಂದರೆ ನನ್ನ ಸೋದರಮಾವ. ನಮ್ಮತ್ತೆ ಕೊಟ್ರಮ್ಮ ಅಲ್ಲಿ ಒಲೆಯ ಮುಂದೆ ಕೂತು ದಿನಕ್ಕೆ ನೂರಿನ್ನೂರು ರೊಟ್ಟಿ ಬಡಿಯುತ್ತಿದ್ದಳು. ಹಿತ್ತಲ ಗೋಡೆಯ ಗೂಡಿನಲ್ಲಿ ಮಾರೆಮ್ಮನದೊಂದು ತಗಡಿನ ಬಟ್ಟಲು ಇರುತ್ತಿತ್ತು. ಎರಡನೇ ಪಂಕ್ತಿ ಮುಗಿದು, ಮನೆಯವರ ಊಟವೂ ಆದ ಮೇಲೆ, ಉಳಿದ ಸಾರನ್ನು ಅತ್ತೆ ಮೇಲಿನಿಂದ ಅದರೊಳಗೆ ಸುರಿಯುತ್ತಿದ್ದಳು. ಮುಟ್ಟಬಾರದಲ್ಲ, ಅದಕ್ಕೆ ಮೊಳ ಎತ್ತರದಿಂದ. ಜೊತೆಗೆ ಎರಡು ಒಣಗಿದ ರೊಟ್ಟಿ. ಇಪ್ಪತ್ತು ವರ್ಷ ಆ ಖಾನಾವಳಿಯ ಒಲೆ ಉರಿದದ್ದು ಮಾರೆಮ್ಮನ ಕುಳ್ಳಿನಿಂದ. ಆ ಇಪ್ಪತ್ತು ವರ್ಷದಲ್ಲಿ ಅಲ್ಲಿಂದ ಅವಳ ಬಾಯಿಗೆ ಬಿದ್ದ ಒಂದು ತುತ್ತೂ ಬಿಸಿ ಇರಲಿಲ್ಲ.

ಇದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ನೋಡಿ ಏನೂ ಅನ್ನಿಸಿರಲಿಲ್ಲ.

ಹೊರಗಿನ ಊರುಗಳಲ್ಲಿ ಉಚ್ಚಂಗೆಪ್ಪನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಖಾಕಿ ಷರಟು, ಹೆಗಲಿಗೆ ಸರ್ಕಾರಿ ಚೀಲ, ಜೊತೆಗೆ ಹಣೆಗೆ ವಿಭೂತಿ ಬಳಿದುಕೊಂಡ ನಾನು. ಹೆಸರು ಕೇಳಿದರೂ ತೊಂದರೆಯಿಲ್ಲ. ಉಚ್ಚಂಗೆಮ್ಮನಿಗೆ ನಡೆದುಕೊಳ್ಳುವವರು ಎಲ್ಲ ಜಾತಿಯಲ್ಲೂ ಇದ್ದಾರೆ. ಹಾಗಾಗಿ ಅವನು ಕೂತು ಉಂಡ, ಎಲ್ಲ ಕಡೆಯೂ ಉಂಡ. ಹಗರಿಬೊಮ್ಮನಹಳ್ಳಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗುರೆಳ್ಳು ಪುಡಿ, ಹೆಸರುಕಾಳಿನ ಪಲ್ಯ. ಕೊಟ್ಟೂರಿನಲ್ಲಿ ಸಂಜೆ ಮಂಡಕ್ಕಿ, ಬಾಣಲೆಯಿಂದ ಎತ್ತಿದ ಕೂಡಲೇ ಬಾಯಿಗೆ ಹಾಕಬೇಕಾದ ಮಿರ್ಚಿ. ಹಡಗಲಿ ಕಡೆಯ ಹೊಳೆ ದಂಡೆಯ ಊರಲ್ಲಿ ಹುಣಸೆಹುಳಿ ಮುಂದಾದ ಮೀನಿನ ಸಾರು. ಆಗ ನಾನು ಪಕ್ಕದ ಚಾದಂಗಡಿಯಲ್ಲಿ ಕೂತು ಬನ್ನು ತಿನ್ನುತ್ತಿದ್ದೆ, ಅವನು ಬೆರಳು ನೆಕ್ಕುತ್ತ ಬಂದು ನನ್ನ ಜಾತಿಯ ಮೇಲೆ ಕನಿಕರ ತೋರಿಸುತ್ತಿದ್ದ. ವಾಪಸು ಬರುವ ಬಸ್ಸಿನ ತುಂಬ ಮಲ್ಲಿಗೆ ಬುಟ್ಟಿ. ಇಷ್ಟು ಹೂವಿನ ವಾಸನೆಯಲ್ಲಿ ಉಂಡದ್ದರ ರುಚಿ ಬಾಯಿಂದ ಹೋಗುತ್ತದೆಂದು ಅವನಿಗೆ ನಿಜವಾಗಿ ಸಿಟ್ಟು ಬರುತ್ತಿತ್ತು.

ಸೇಂದಿಯ ವಿಷಯದಲ್ಲಿ ಅವನೇ ನನ್ನ ಗುರು. ಬೆಳಿಗ್ಗೆ ಮರದಿಂದ ಇಳಿಸಿದ್ದು ಎಳನೀರಿನ ಹಾಗೆ ಸಿಹಿ, ಹೊತ್ತು ಏರಿದಂತೆ ನೊರೆ, ಮಧ್ಯಾಹ್ನಕ್ಕೆ ಮೂಗಿಗೆ ಏರುವ ಹುಳಿ. ಹುರಿದ ಶೇಂಗಾ ಇಲ್ಲದೆ ಕುಡಿಯುವವನು ಕುಡುಕ, ಇಟ್ಟುಕೊಂಡು ಕುಡಿಯುವವನು ಮನುಷ್ಯ ಎನ್ನುತ್ತಿದ್ದ. ಕೂಡ್ಲಿಗಿ ಹೊರಗಿನ ಈಚಲ ಹಳ್ಳದ ಸೇಂದಿ ಅಂಗಡಿಯಲ್ಲಿ ನನ್ನಂಥ ವಿಭೂತಿಯವರು ಅನೇಕರಿದ್ದರು. ಶೇಂಗಾ ವ್ಯಾಪಾರಿ ನಾಗೇಂದ್ರಪ್ಪನಂತೂ ನಿತ್ಯದ ಗಿರಾಕಿ. ಉಚ್ಚಂಗೆಪ್ಪನ ಕೈಯಿಂದ ಮಗ್ ಇಸಿದುಕೊಂಡು, ಅವನ ಮುಂದಿನ ಶೇಂಗಾಕ್ಕೇ ಕೈ ಹಾಕಿ, ಏನಪಾ ಮಲೇರಿಯಾ ಎಂದು ಹೆಗಲ ಮೇಲೆ ಹೊಡೆಯುತ್ತಿದ್ದ. ಆಮೇಲೆ ಏಲಕ್ಕಿ ಅಗಿದುಕೊಂಡು ಊರೊಳಗೆ ಬರುತ್ತಿದ್ದ. ಉಚ್ಚಂಗೆಪ್ಪನೂ ಎರಡನೇ ಗ್ಲಾಸಿಗೆ ನನ್ನನ್ನು ಲೇ ಹಾಲಾ ಎನ್ನುತ್ತಿದ್ದ, ಬೆಳಿಗ್ಗೆ ಎದ್ದರೆ ಮತ್ತೆ ಹಾಲಸ್ವಾಮಿಯವರೇ. ನಾನೂ ಅದನ್ನು ತಿದ್ದಲಿಲ್ಲ.

ಎಲ್ಲಕ್ಕಿಂತ ತಮಾಷೆಯಾದದ್ದು ಹರಪನಹಳ್ಳಿಯಲ್ಲಿ. ಅಲ್ಲಿ ವೀರಭದ್ರಯ್ಯ ಎಂಬ ಅಯ್ಯನವರ ಖಾನಾವಳಿ. ಎಣ್ಣೆಗಾಯಿ ಬದನೆಕಾಯಿಗೆ ಐದು ತಾಲ್ಲೂಕಲ್ಲಿ ಅವರನ್ನು ಮೀರಿಸುವವರಿಲ್ಲ ಎಂದು ಉಚ್ಚಂಗೆಪ್ಪನ ತೀರ್ಪು. ನಮ್ಮ ಮಂದಿಯಲ್ಲಿ ಒಂದು ಪದ್ಧತಿ ಇದೆ. ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನು ಕುಡಿದುಬಿಡುವುದು. ಉಂಡದ್ದು ಪ್ರಸಾದ, ಒಂದು ಅಗುಳೂ ಚೆಲ್ಲಬಾರದು. ಹೀಗೆ ಮಾಡುವವರು ಆಗಲೇ ಕಡಿಮೆಯಾಗಿದ್ದರು, ಹಿರಿಯರು, ಮಠಕ್ಕೆ ನಡೆದುಕೊಳ್ಳುವವರು ಮಾಡುತ್ತಿದ್ದರು. ನಾನು ಅಜ್ಜನ ಏಟು ತಿಂದು ಕಲಿತವನು, ಅದಕ್ಕೆ ಬಿಡಲಾಗಿರಲಿಲ್ಲ. ಉಚ್ಚಂಗೆಪ್ಪನೂ ಹಾಗೇ ಮಾಡುತ್ತಿದ್ದ, ನನಗಿಂತ ಚೊಕ್ಕಟವಾಗಿ. ನನ್ನನ್ನು ನೋಡಿ ಕಲಿತದ್ದಲ್ಲ. ಚಿಕ್ಕವನಿದ್ದಾಗ ಆ ತಗಡಿನ ಬಟ್ಟಲಿನ ಅಂಚಿಗೆ ಅಂಟಿದ ಸಾರನ್ನು ಮಾರೆಮ್ಮ ನೀರು ಹಾಕಿ ಕಲಸಿ ಕುಡಿಸುತ್ತಿದ್ದಳಂತೆ. ನಮಗೆ ಭಕ್ತಿ ಕಲಿಸಿದ್ದನ್ನು ಅವನಿಗೆ ಹಸಿವು ಕಲಿಸಿತ್ತು. ನೋಡುವವರಿಗೆ ಎರಡೂ ಒಂದೇ.

ವೀರಭದ್ರಯ್ಯನವರು ಮೊದಲ ದಿನವೇ ಅದನ್ನು ಕಂಡು ಹಿಗ್ಗಿದರು. ಇಷ್ಟು ಸಣ್ಣ ವಯಸ್ಸಿಗೆ ಇಂಥ ಸಂಸ್ಕಾರ, ದೊಡ್ಡ ಮನೆತನವೇ ಇರಬೇಕು ಎಂದು ಉಳಿದ ಗಿರಾಕಿಗಳಿಗೆ ತೋರಿಸಿ ಹೇಳಿದರು. ಮರುಸಲ ಹೋದಾಗ ಅವನ ರೊಟ್ಟಿಗೆ ತಾವೇ ಬಂದು ತುಪ್ಪ ಬಡಿಸಿದರು. ನನಗೆ ಬಡಿಸಲಿಲ್ಲ. ನಾವಿಬ್ಬರೂ ಊರಾಚೆ ಸೈಕಲ್ ನಿಲ್ಲಿಸಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಮೂರು ವರ್ಷ ಆ ತುಪ್ಪ ನಡೆಯಿತು.

ಆದರೆ ಕೂಡ್ಲಿಗಿಗೆ ಬಂದಿಳಿದ ಕೂಡಲೇ ನಮ್ಮ ನಗು ನಿಲ್ಲುತ್ತಿತ್ತು. ಬಸ್‌ಸ್ಟ್ಯಾಂಡಿನಿಂದ ನಾನು ಎದುರಿಗಿನ ಮಾವನ ಖಾನಾವಳಿಗೆ ಹೋಗುತ್ತಿದ್ದೆ, ಅವನು ಚೀಲ ಹೆಗಲಿಗೇರಿಸಿ ಕೇರಿಯ ದಾರಿ ಹಿಡಿಯುತ್ತಿದ್ದ. ಬಾ ಎಂದು ನಾನು ಕರೆಯಲಿಲ್ಲ, ಬರುತ್ತೇನೆ ಎಂದು ಅವನೂ ಅನ್ನಲಿಲ್ಲ. ಮಾವನ ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯುತ್ತಿದ್ದವನೂ ಉಚ್ಚಂಗೆಪ್ಪನೇ. ಮಾವ ಹೊಸ್ತಿಲ ಮೇಲೆ ನಿಂತು ಕೈ ಚಾಚುತ್ತಿದ್ದ, ಆಮೇಲೆ ಒಳಗೆ ಹೋಗಿ ಕೈ ತೊಳೆಯುತ್ತಿದ್ದ. ಉಚ್ಚಂಗೆಪ್ಪ ಹೊರಗೋಡೆಯ ಮೇಲೆ ತಾರೀಖು ಬರೆದು ಹೋಗುತ್ತಿದ್ದ. ನಾಲ್ಕು ವರ್ಷದ ತಾರೀಖುಗಳು ಆ ಗೋಡೆಯ ಮೇಲೆ ಸಾಲಾಗಿದ್ದವು.

ಊರಿಗೆ ಬಂದ ದಿನ ತಾಯಿಗೆ ಅವನು ಎಲ್ಲ ಊಟಗಳ ವರದಿ ಒಪ್ಪಿಸಬೇಕಿತ್ತು. ಮಾರೆಮ್ಮ ಗುಡಿಸಲ ಮುಂದೆ ಕಾಲು ನೀಡಿ ಕೂತು ಎಲ್ಲವನ್ನೂ ಕೇಳುತ್ತಿದ್ದಳು. ಬದನೆಕಾಯಿಗೆ ಏನು ತುಂಬಿದ್ದರು, ರೊಟ್ಟಿ ಎಷ್ಟು ಅಗಲ, ಸಾರಿಗೆ ಏನು ಒಗ್ಗರಣೆ, ಎಲ್ಲ ಅವನೇ ಹೇಳುತ್ತಿದ್ದ. ಅವಳದು ಒಂದೇ ಪ್ರಶ್ನೆ. ಬಿಸಿ ಇತ್ತೇನಪ? ಇತ್ತವ್ವ, ಹೊಗಿ ಬರೂವಂಗ ಇತ್ತು ಎಂದು ಮಗ ಹೇಳಿದರೆ ಸಾಕು, ತಾನೇ ಉಂಡವಳಂತೆ ಬಾಯಿ ಚಪ್ಪರಿಸುತ್ತಿದ್ದಳು.

ಎಪ್ಪತ್ತೊಂಬತ್ತರಲ್ಲಿ ಒಂದು ದಿನ ನಾನೂ ಅಲ್ಲಿದ್ದೆ. ಉಚ್ಚಂಗೆಪ್ಪ ವೀರಭದ್ರಯ್ಯನವರ ತುಪ್ಪದ ಕಥೆಯನ್ನು ಅಭಿನಯ ಮಾಡಿ ಹೇಳುತ್ತಿದ್ದ. ನಾನು ನಗುತ್ತಿದ್ದೆ. ಮಾರೆಮ್ಮ ನಗಲಿಲ್ಲ. ಎಲೆ ಅಡಿಕೆ ಉಗುಳಿ ಕೇಳಿದಳು:

“ಆ ಊರಾಗ ನೀ ಯಾರು ಅಂತ ಗೊತ್ತೈತೇನು?”

ಇಲ್ಲ ಎಂದ.

“ಹಂಗಾರ ಉಂಡಾಂವ ನೀನಲ್ಲ ಬಿಡು. ಯಾರೋ ಬ್ಯಾರೇದಾಂವ ಉಂಡಾನ.”

ಇಷ್ಟೇ. ಬೈಗುಳವೂ ಅಲ್ಲ, ಬುದ್ಧಿವಾದವೂ ಅಲ್ಲ. ಎದ್ದು ಕೋಳಿ ಕೂಡಿಹಾಕಲಿಕ್ಕೆ ಹೋದಳು. ಉಚ್ಚಂಗೆಪ್ಪನ ಮುಖ ನೋಡಬೇಕಿತ್ತು. ಮೂರು ವರ್ಷದ ತುಪ್ಪ ಒಂದೇ ಸಲಕ್ಕೆ ಗಂಟಲಲ್ಲಿ ನಿಂತ ಹಾಗಿತ್ತು.

ಅಲ್ಲಿಂದ ಅವನಿಗೆ ಹಟ ಹಿಡಿಯಿತು. ಉಂಡ ಎಲ್ಲ ಊರುಗಳಿಗೆ ಮತ್ತೆ ಹೋಗುತ್ತೇನೆ, ತಾಟು ಬರುವ ಮುಂಚೆ ನಾನು ಯಾರು ಅಂತ ಹೇಳುತ್ತೇನೆ, ಆಮೇಲೆ ಉಣ್ಣುತ್ತೇನೆ ಎಂದ. ಎಲ್ಲ ಊರೂ ಆದ ಮೇಲೆ ಕೊನೆಗೆ ಕೂಡ್ಲಿಗಿ, ಅಲ್ಲಿ ಅವ್ವನನ್ನು ಜೊತೆಗೆ ಕರೆದುಕೊಂಡು ಬರುತ್ತೇನೆ ಎಂದ. ಕಾನೂನು ಇದೆ, ಪೊಲೀಸರಿದ್ದಾರೆ, ಅರ್ಜಿ ಕೊಡು ಎಂದೆ. ಅವನು ನನ್ನನ್ನು ಒಂದು ಹುಳುವನ್ನು ನೋಡುವಂತೆ ನೋಡಿದ.

“ನನಗ ಬೇಕಾಗಿರೋದು ಕೇಸಲ್ರಿ, ಊಟ.”

ಮೊದಲು ಹಡಗಲಿ. ಬಸ್‌ಸ್ಟ್ಯಾಂಡಿನ ಹೋಟೆಲಿನವನು ಹೂವಿನ ಬುಟ್ಟಿಗಳ ನಡುವೆ ನಿಂತು ಇವನ ಮಾತು ಕೇಳಿ, ಬಸ್ಸಿಳಿದವರ ಜಾತಿ ಕೇಳಿಕೊಂಡು ಕೂತರೆ ನಾನು ಒಲೆ ಹಚ್ಚುವುದು ಯಾವಾಗ ಎಂದು ಬೈದು, ಇಡ್ಲಿ ತಂದಿಟ್ಟ. ಉಚ್ಚಂಗೆಪ್ಪನಿಗೆ ಸ್ವಲ್ಪ ನಿರಾಸೆಯೇ ಆಯಿತು, ಅಷ್ಟು ದೂರದಿಂದ ಮಾತು ಸಿದ್ಧ ಮಾಡಿಕೊಂಡು ಬಂದಿದ್ದ. ಕೊಟ್ಟೂರಿನ ಒಂದು ಹೋಟೆಲಿನಲ್ಲಿ ಹೊರಗಿನ ಕಲ್ಲಿಗೆ ಹೋಗಿ ಕೂರಲು ಹೇಳಿ, ಗೂಡಿನಲ್ಲಿದ್ದ ಬೇರೆ ಲೋಟ ತೋರಿಸಿದರು. ಇವನು ಆ ಲೋಟ ತೆಗೆದುಕೊಂಡು ಒಳಗೆ ಬಂದು, ಚಾ ಹಾಕಿಸಿಕೊಂಡು, ಕೂತು ಕುಡಿದು, ಉಳಿದ ಲೋಟಗಳ ನಡುವೆಯೇ ಅದನ್ನು ತೊಳೆದು ಮಗುಚಿ ಇಟ್ಟ. ಯಾವುದು ಯಾವುದೆಂದು ತಿಳಿಯದೆ ಹೋಟೆಲಿನವನು ಎಲ್ಲ ಲೋಟಗಳನ್ನೂ ನೋಡುತ್ತ ನಿಂತ. ನಾವು ಹೊರಟು ಬಂದೆವು.

ಹರಪನಹಳ್ಳಿಗೆ ಹೋಗುವುದು ಮಾತ್ರ ಅವನಿಗೆ ಕಷ್ಟವಾಯಿತು. ವೀರಭದ್ರಯ್ಯನವರನ್ನು ಕಂಡರೆ ಅವನಿಗೆ ನಿಜವಾದ ಪ್ರೀತಿ ಇತ್ತು. ಅವರು ತುಪ್ಪದ ಗಿಂಡಿ ಹಿಡಿದೇ ಎದುರಿಗೆ ಬಂದರು. ಇವನು ಕೂರದೆ ನಿಂತು, ಕೂಡ್ಲಿಗಿ ಹರಿಜನ ಕೇರಿಯ ಗಾಳೆಪ್ಪನ ಮಗ ನಾನು, ಇಷ್ಟು ದಿನ ನೀವು ಕೇಳಲಿಲ್ಲ ನಾನು ಹೇಳಲಿಲ್ಲ ಎಂದ. ಪಂಕ್ತಿಯಲ್ಲಿದ್ದವರು ತುತ್ತು ನಿಲ್ಲಿಸಿದರು. ಅಯ್ಯನವರು, ಹಾಗಾದರೆ ಆ ತಾಟು ತೊಳೆದು ಕುಡಿಯುವುದನ್ನು ಎಲ್ಲಿ ಕಲಿತೆ ಎಂದು ಕೇಳಿದರು.

“ನಮ್ಮವ್ವ ಕಲಿಸ್ಯಾಳ್ರಿ. ಹಸಿವಿಗೆ.”

ಅವರು ಗಿಂಡಿಯನ್ನು ಗೂಡಿನಲ್ಲಿಟ್ಟರು. ಕೂತ್ಕ ಎಂದರು. ರೊಟ್ಟಿ ಬಂತು, ಎಣ್ಣೆಗಾಯಿ ಬಂತು, ಮೊಸರು ಬಂತು. ತುಪ್ಪ ಬರಲಿಲ್ಲ. ಅವನು ಎಂದಿನಂತೆ ಉಂಡು, ತಾಟು ತೊಳೆದು ಕುಡಿದು ಎದ್ದ. ಈ ಸಲ ಅಯ್ಯನವರು ಯಾರಿಗೂ ಅದನ್ನು ತೋರಿಸಿ ಹೊಗಳಲಿಲ್ಲ, ಆ ಕಡೆ ಮುಖ ತಿರುಗಿಸಿಕೊಂಡಿದ್ದರು. ಹೊರಗೆ ಬಂದ ಮೇಲೆ ನನಗೆ ಅಳು ಬರುವಂತಾಗಿತ್ತು. ಉಚ್ಚಂಗೆಪ್ಪ ಸೈಕಲ್ ಹತ್ತಿ, ತುಪ್ಪ ಹೋತು, ಹೆಸರು ಉಳೀತು ಎಂದು ಪೆಡಲ್ ತುಳಿದ.

ಹಗರಿಬೊಮ್ಮನಹಳ್ಳಿಯೂ ಆಗಿತ್ತು, ಉಳಿದದ್ದು ಕೂಡ್ಲಿಗಿ. ಒಂದು ಭಾನುವಾರ ಮಧ್ಯಾಹ್ನ, ಮೊದಲ ಪಂಕ್ತಿ ತುಂಬಿತ್ತು. ನಾನು ಗೋಡೆಯ ಪಕ್ಕ ಕೂತು ಉಣ್ಣುತ್ತಿದ್ದೆ, ಎದುರಿಗೆ ಶೇಂಗಾ ವ್ಯಾಪಾರಿ ನಾಗೇಂದ್ರಪ್ಪ. ಆ ದಿನವೇ ಬರುತ್ತಾನೆಂದು ನನಗೆ ಗೊತ್ತಿತ್ತು. ಹಿಂದಿನ ದಿನವೇ ಹೇಳಿದ್ದ. ಮಾವನಿಗೆ ನಾನು ಮೊದಲೇ ಹೇಳಿರಲಿಲ್ಲ. ಬರಬೇಡ ಎಂದು ಅವನಿಗೂ ಹೇಳಿರಲಿಲ್ಲ. ಎರಡೂ ಕಡೆ ಬಾಯಿ ಮುಚ್ಚಿಕೊಂಡಿರುವುದೇ ದೊಡ್ಡ ಕೆಲಸ ಎಂದು ನನ್ನ ಮನಸ್ಸಿಗೆ ಅನ್ನಿಸಿತ್ತು.

ಅವನು ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿದ್ದ. ಮಾರೆಮ್ಮ ಹಸಿರು ಇಳಕಲ್ ಸೀರೆ ಉಟ್ಟಿದ್ದಳು, ಮಗನ ಮೊದಲ ಸಂಬಳದ್ದು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವಳು ಹಿತ್ತಲು ಬಿಟ್ಟು ಆ ಕಟ್ಟಡದ ಮುಂಬಾಗಿಲಿಗೆ ಬಂದಿದ್ದಳು. ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತಳು. ಉಚ್ಚಂಗೆಪ್ಪ ಕೈ ಹಿಡಿಯಲು ಹೋದ. ಅವಳು ಅವನ ಕೈ ಬಿಡಿಸಿಕೊಂಡು ತಾನೇ ದಾಟಿದಳು. ನಡುವಿನ ಸಾಲಿನಲ್ಲಿ ಎರಡು ಮಣೆ ಖಾಲಿ ಇದ್ದವು. ತಾಯಿ ಮಗ ಅವುಗಳ ಮೇಲೆ ಕೂತರು.

ಇಲ್ಲಿ ಹೆಸರು ಹೇಳುವ ಅಗತ್ಯವಿರಲಿಲ್ಲ, ಆದರೂ ಹೇಳಿದ. ಎಲ್ಲರಿಗೂ ಕೇಳುವಂತೆ, ಗಾಳೆಪ್ಪನ ಮಗ ಉಚ್ಚಂಗೆಪ್ಪ, ಗಾಳೆಪ್ಪನ ಹೆಂಡತಿ ಮಾರೆಮ್ಮ, ಎರಡು ಊಟ ಎಂದ.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾಗೇಂದ್ರಪ್ಪ ಮೊದಲು ಎದ್ದ, ತಾಟಿನಲ್ಲಿ ಒಂದೂವರೆ ರೊಟ್ಟಿ, ಪಲ್ಯ ಹಾಗೇ ಬಿಟ್ಟು. ಎರಡು ದಿನದ ಹಿಂದೆ ಉಚ್ಚಂಗೆಪ್ಪನ ಮಗ್ಗಿನಲ್ಲಿ ಸೇಂದಿ ಕುಡಿದ ಬಾಯಿ ಅದು. ಅವನ ಹಿಂದೆ ಒಬ್ಬೊಬ್ಬರಾಗಿ ಎದ್ದರು, ಯಾರೂ ಇವರ ಕಡೆ ನೋಡದೆ, ಏನೋ ಅರ್ಜೆಂಟು ಕೆಲಸ ನೆನಪಾದವರ ಹಾಗೆ. ಐದು ನಿಮಿಷದಲ್ಲಿ ಆ ಪಡಸಾಲೆಯಲ್ಲಿ ಉಳಿದವರು ಆ ಇಬ್ಬರು ಮತ್ತು ನಾನು.

ನಾನು ಏಳಲಿಲ್ಲ. ಅದು ಧೈರ್ಯ ಎಂದು ಬರೆದುಕೊಳ್ಳಲು ಆಸೆ ಇದೆ. ನಿಜ ಹೇಳಬೇಕೆಂದರೆ ನನ್ನ ಕಾಲುಗಳು ಏಳಲು ಹೊರಟಿದ್ದವು. ಆದರೆ ತಾಟಿನಲ್ಲಿ ಅನ್ನ ಇತ್ತು. ಅನ್ನ ಬಿಟ್ಟು ಏಳುವುದು, ತಾಟು ತೊಳೆಯದೆ ಏಳುವುದು ನನ್ನ ಕೈಲಾಗದ ಕೆಲಸ, ಅಜ್ಜನ ಏಟು ಅಷ್ಟು ಆಳಕ್ಕೆ ಇಳಿದಿತ್ತು. ಕೂತು ಉಂಡೆ. ನೀರು ಹಾಕಿ ತೊಳೆದು ಕುಡಿದೆ. ಅಷ್ಟು ಹೊತ್ತಿಗೆ ನಾಚಿಕೆಯಾಗಿ ಏಳಲಾಗಲಿಲ್ಲ.

ಮಾವ ಗಲ್ಲಾಪೆಟ್ಟಿಗೆ ಬಿಟ್ಟು ಇಳಿದು ಬಂದ. ಕೆಟ್ಟ ಮನುಷ್ಯನಲ್ಲ ಅವನು, ಬರಗಾಲದಲ್ಲಿ ಬೀದಿಗೆ ಗಂಜಿ ಕೊಟ್ಟವನು. ಅದನ್ನೂ ಹೇಳಬೇಕು, ಇದನ್ನೂ ಹೇಳಬೇಕು. ದನಿ ತಗ್ಗಿಸಿ ಬಹಳ ಮೃದುವಾಗಿ ಹೇಳಿದ:

“ಉಚ್ಚಂಗಿ, ಮನಿಗೆ ಕಟ್ಟಿ ಕೊಡ್ತೀನಿ. ಬಿಸೀವ ಕೊಡ್ತೀನಿ, ರೊಕ್ಕಾನೂ ಬ್ಯಾಡ. ಎದ್ದೇಳು, ನಿಮ್ಮವ್ವನ್ನ ಕರ್ಕೊಂಡು ಹೋಗು.”

ಉಚ್ಚಂಗೆಪ್ಪ ಬಾಯಿ ತೆರೆದ. ಅವನಿಗಿಂತ ಮೊದಲು ಮಾರೆಮ್ಮ ಹೇಳಿದಳು:

“ಮನಿ ಮುಟ್ಟೂದ್ರಾಗ ಆರತಾವ್ರಿ ಸಾವ್ಕಾರ್ರ. ಇಲ್ಲೇ ಉಣ್ತೀನಿ.”

ಅವಳು ಸುತ್ತ ನೋಡಿದಳು. ಎಂಟು ಹತ್ತು ತಾಟುಗಳು, ಮುರಿದ ರೊಟ್ಟಿ, ಕಲಸಿಟ್ಟ ಅನ್ನ, ನೊಣ ಕೂರತೊಡಗಿದ ಪಲ್ಯ. ಆ ತಾಟುಗಳನ್ನು ಒಂದೊಂದಾಗಿ ನೋಡಿ, ಯಾರನ್ನೂ ಉದ್ದೇಶಿಸದೆ ಹೇಳಿದಳು:

“ಇಷ್ಟು ಅನ್ನ ಚೆಲ್ಲಿ ಎದ್ದು ಹೋದ್ರಲ್ಲ. ತಾಟು ತೊಳದು ಕುಡಿಯೋ ಮಂದಿ ಅಂತ ಕೇಳಿದ್ದೆ.”

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಅತ್ತೆ ಕೊಟ್ರಮ್ಮ ಬಾಗಿಲಿಗೆ ಬಂದಳು. ಕೈ ತುಂಬ ಹಿಟ್ಟು, ಮುಖದ ಮೇಲೆ ಒಲೆಯ ಝಳ. ಅವಳೂ ಆ ತಾಟುಗಳನ್ನು ನೋಡಿದಳು. ಬೆಳಗಿನಿಂದ ಬಡಿದ ರೊಟ್ಟಿ ಅವು, ಅವಳಿಗೆ ಯಾವುದರ ಮೇಲೆ ಹೆಚ್ಚು ಸಿಟ್ಟು ಬಂತೋ ನನಗೆ ತಿಳಿಯದು. ಮಾವ ಅವಳನ್ನೇ ನೋಡುತ್ತಿದ್ದ. ಅವಳು ಒಳಗೆ ಹೋದಳು, ಎರಡು ತಾಟು ತಂದಿಟ್ಟಳು. ಮತ್ತೆ ಹೋಗಿ ಹಂಚಿನಿಂದ ಆಗಷ್ಟೇ ತೆಗೆದ, ಉಬ್ಬಿದ ರೊಟ್ಟಿ ತಂದಳು. ಇಪ್ಪತ್ತು ವರ್ಷ ಮೊಳ ಎತ್ತರದಿಂದ ಸುರಿದ ಕೈ ಅದು. ಈಗ ಬಗ್ಗಿ, ತಾಟಿನ ಮೇಲೆ ಇಟ್ಟಿತು. ಇಷ್ಟು ವರ್ಷ ಏ ಮಾರಿ ಎಂದೇ ಕೂಗುತ್ತಿದ್ದವಳು ಅವತ್ತು ಹೇಳಿದಳು:

“ಮಾರೆಮ್ಮ, ಸುಡತೈತಿ. ತಡದು ಮುರಿ.”

ಮಾರೆಮ್ಮ ತಡೆಯಲಿಲ್ಲ. ಮುರಿಯಲು ಹೋಗಿ ಬೆರಳು ಸುಟ್ಟುಕೊಂಡು ಬಾಯಿಗಿಟ್ಟುಕೊಂಡಳು. ಮಗನ ಕಡೆ ತಿರುಗಿ, ಬಿಸಿ ಐತಿ ಎಂದಳು, ಅವನಿಗೆ ಗೊತ್ತಿಲ್ಲದ ಸುದ್ದಿ ಹೇಳುವವಳ ಹಾಗೆ. ಉಚ್ಚಂಗೆಪ್ಪ ತಲೆ ತಗ್ಗಿಸಿಕೊಂಡಿದ್ದ. ಐದು ತಾಲ್ಲೂಕಿನ ಊಟದ ತಪ್ಪು ಹಿಡಿಯುತ್ತಿದ್ದವನು ಅವತ್ತು ಪಲ್ಯಕ್ಕೆ ಉಪ್ಪು ಹೆಚ್ಚಾಗಿದ್ದನ್ನೂ ಹೇಳಲಿಲ್ಲ. ಮಾವ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಿದ್ದ. ಮಾರೆಮ್ಮ ಮೂರು ರೊಟ್ಟಿ ಉಂಡಳು, ಅನ್ನ ಸಾರು ಉಂಡಳು, ತಾಟಿಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಎತ್ತಿ ಕುಡಿದಳು. ದುಡ್ಡು ಗಲ್ಲಾಪೆಟ್ಟಿಗೆಯ ಮೇಲಿಟ್ಟು ಇಬ್ಬರೂ ಮುಂಬಾಗಿಲಿನಿಂದಲೇ ಹೋದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಮಾವನ ಮರ್ಯಾದೆ ಉಳಿಯುತ್ತಿತ್ತು. ಮರುದಿನದಿಂದ ಎಂಟು ದಿನ ಖಾನಾವಳಿಗೆ ಬೀಗ ಬಿತ್ತು. ರಿಪೇರಿ ಇದೆ ಎಂದು ಹಲಗೆ ತೂಗಿತು. ಮಾವ ಮಠದ ಅಯ್ಯನವರೊಬ್ಬರನ್ನು ಕರೆಸಿ ಏನೇನೋ ಶಾಂತಿ ಮಾಡಿಸಿದ, ಒಳಗೆ ಹೊರಗೆ ಎರಡು ಸಲ ಸುಣ್ಣ ಹೊಡೆಸಿದ. ಹೊರಗೋಡೆಯ ಮೇಲಿದ್ದ ನಾಲ್ಕು ವರ್ಷದ ತಾರೀಖುಗಳು ಸುಣ್ಣದಡಿ ಹೋದವು. ನಾಗೇಂದ್ರಪ್ಪ ಬಂದು ನಿಂತು ಸರಿಯಾಯಿತು ಎಂದು ಹೋದ. ಅತ್ತೆ ಆ ಎಂಟು ದಿನ ಮಾವನ ಜೊತೆ ಮಾತಾಡಲಿಲ್ಲ. ಇಷ್ಟಕ್ಕೆ ಇವರು ಸುಮ್ಮನಾಗುತ್ತಾರೆ, ಒಂದು ಸಲ ಉಂಡದ್ದಾಯಿತಲ್ಲ ಎಂದು ಮಾವ ನನಗೆ ಹೇಳಿದ. ನಾನು ಉಚ್ಚಂಗೆಪ್ಪನಿಗೆ ಹೋಗಿ ಹೇಳಿದೆ. ಅವನು ಇದನ್ನು ತಾಯಿಗೆ ಹೇಳಿದ.

ಉಚ್ಚಂಗೆಪ್ಪ ಮುಂದೆ ಇನ್‌ಸ್ಪೆಕ್ಟರಾದ. ಅವನ ಎರಡನೇ ಗ್ಲಾಸಿನ ಲೇ ಬೆಳಗಿನ ಹೊತ್ತಿಗೂ ಉಳಿಯತೊಡಗಿತು, ಅದು ನನಗೆ ಸಿಕ್ಕ ಬಡ್ತಿ. ವೀರಭದ್ರಯ್ಯನವರ ಗಿಂಡಿ ಗೂಡಿನಿಂದ ಇಳಿಯಲು ಇನ್ನೂ ಎರಡು ವರ್ಷ ಬೇಕಾಯಿತು, ಆದರೆ ಇಳಿಯಿತು. ಅದೆಲ್ಲ ಆಮೇಲಿನ ಮಾತು.

ಒಂಬತ್ತನೆಯ ದಿನ ಮಾವ ಬೀಗ ತೆಗೆದ. ಹೊಸ ಸುಣ್ಣ ಕಣ್ಣಿಗೆ ಹೊಡೆಯುತ್ತಿತ್ತು. ಒಲೆ ಹಚ್ಚಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ, ಹೊರಗೆ ಸೈಕಲ್ ನಿಂತ ಸದ್ದಾಯಿತು. ಉಚ್ಚಂಗೆಪ್ಪ ಚೀಲದಿಂದ ಪೆನ್ಸಿಲ್ ತೆಗೆದು, ಬಾಗಿಲ ಪಕ್ಕದ ಆ ಬಿಳೀ ಗೋಡೆಯ ಮೇಲೆ ಅವತ್ತಿನ ತಾರೀಖು ದಪ್ಪಗೆ ಬರೆದು ಸಹಿ ಹಾಕಿದ. ಅವನ ಹಿಂದಿನಿಂದ ಹಸಿರು ಇಳಕಲ್ ಸೀರೆ ಹೊಸ್ತಿಲು ದಾಟಿ ಬಂತು. ಈ ಸಲ ನಿಲ್ಲಲಿಲ್ಲ. ಮಾವ ನನ್ನ ಮುಖ ನೋಡಿದ. ನಾನು ಎದ್ದು ಒಳಗೆ ಹೋಗಿ ಮೂರು ತಾಟು ತಂದು, ಅವರದರ ಪಕ್ಕದಲ್ಲೇ ನನ್ನದನ್ನೂ ಹಾಕಿಕೊಂಡು ಕೂತೆ.

ಮಾರೆಮ್ಮ ಗೋಡೆಗಳನ್ನು ಸುತ್ತ ನೋಡಿ ಮಾವನಿಗೆ ಹೇಳಿದಳು:

“ಸುಣ್ಣ ಚಲೋ ಹೊಡಿಸೀರಿ ಸಾವ್ಕಾರ್ರ. ರೊಟ್ಟಿ ಬಿಸಿ ಅದಾವೇನ್ರಿ?”